ನೊಗವೂ ಹೆಗಲೂ

ಹಾನಗಲ್ಲಿನಿಂದ ದಕ್ಷಿಣಕ್ಕೆ ಹೊರಟವನಿಗೆ, ಪೂರ್ವದ ಎರೆಸೀಮೆ ಮುಗಿದು ಪಶ್ಚಿಮದ ಮಲೆನಾಡು ಇನ್ನೂ ಮೊದಲಾಗದ, ಬತ್ತದ ಗದ್ದೆಯೂ ಹತ್ತಿಯ ಹೊಲವೂ ಒಂದೇ ನೋಟಕ್ಕೆ ಸಿಕ್ಕುವ ಸಂಧಿಪ್ರದೇಶದಲ್ಲಿ ತಿಳವಳ್ಳಿ ಎಂಬ ಊರು ಎದುರಾಗುತ್ತದೆ. ಸೇವುಣರ ಆಳ್ವಿಕೆ ಈ ನಾಡಿನ ಮೇಲಿದ್ದ ಹದಿಮೂರನೆಯ ಶತಮಾನದಲ್ಲಿ ನಿರ್ಮಿತವಾದ ಶಾಂತೇಶ್ವರ ದೇವಾಲಯವು ಆ ಊರಿನ ಕೀರ್ತಿ. ಅದನ್ನು ನೋಡಲು ಬಂದವರು ಶಿಲ್ಪಿಯ ಕೈಚಳಕವನ್ನು ಕೊಂಡಾಡುತ್ತಾರೆ, ಕಟ್ಟಿಸಿದವರ ಭಕ್ತಿಯನ್ನು ಸ್ಮರಿಸುತ್ತಾರೆ. ಆದರೆ ಆ ಶಿಲಾರಾಶಿಯನ್ನು ಗಣಿಯಿಂದ ದೇವಾಲಯದ ಅಂಗಳದವರೆಗೆ ಎಳೆದು ತಂದ ಎತ್ತುಗಳ ನೆನಪು ಯಾರಿಗೂ ಬರುವುದಿಲ್ಲ. ದಾನಿಯ ಹೆಸರನ್ನೂ ದತ್ತಿಯ ಭೂಮಿಯ ಎಲ್ಲೆಯನ್ನೂ ಅಕ್ಷರ ಅಕ್ಷರವಾಗಿ ಕೊರೆಯಿಸಿದ ಆ ಕಾಲಕ್ಕೆ ಭಾರ ಹೊತ್ತ ಹೆಗಲಿನ ಲೆಕ್ಕವಿಡುವ ವಾಡಿಕೆ ಇರಲಿಲ್ಲ. ಆ ಲೆಕ್ಕವನ್ನು ಬರೆಯತೊಡಗಿದವರು, ಏಳು ಶತಮಾನಗಳಿಗೂ ಮಿಕ್ಕ ಕಾಲವು ಕಳೆದ ಮೇಲೆ, ಬೆಂಗಳೂರಿನ ಒಂದು ವ್ಯವಸ್ಥಾಪನ ವಿದ್ಯಾಲಯದ ಅಧ್ಯಾಪಕರು. ಆ ಲೆಕ್ಕದ ಕಥೆಯನ್ನು ತಿಳವಳ್ಳಿಯ ಕಡೆಯ ಚಕ್ಕಡಿಯ ಇತಿಹಾಸದೊಡನೆ ಕೂಡಿಸಿ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಹಾನಗಲ್ಲು ಹಿಂದೆ ಪಾನುಂಗಲ್ಲು. ಕದಂಬರ ಒಂದು ಶಾಖೆಯವರು ಆಳುತ್ತಿದ್ದ ಪಾನುಂಗಲ್ಲು ಐನೂರರ ರಾಜಧಾನಿ. ಮತ್ಸ್ಯದೇಶದ ವಿರಾಟನಗರಿ ಇದೇ ಎಂದು ಇಲ್ಲಿಯ ಜನ ಪರಂಪರೆಯಿಂದ ನಂಬಿಕೊಂಡು ಬಂದಿರುವರು. ಕೌರವರು ಗೋವುಗಳನ್ನು ಅಡ್ಡಗಟ್ಟಿದ ಪ್ರಸಂಗವನ್ನು ತಮ್ಮೂರಿನ ಹೊಲದಲ್ಲಿಯೇ ನಡೆಯಿತೋ ಎಂಬಂತೆ ವರ್ಣಿಸುವರು. ಆ ನಂಬಿಕೆಯ ಸತ್ಯಾಸತ್ಯತೆ ಹೇಗಾದರೂ ಇರಲಿ, ತುರುಗೊಳ್ಳುವಿಕೆಯಲ್ಲಿ ಹೋರಾಡಿ ಮಡಿದವರ ವೀರಗಲ್ಲುಗಳು ಈ ಸೀಮೆಯ ಎಷ್ಟೋ ಊರುಗಳ ಕೆರೆಯ ಏರಿಯ ಮೇಲೂ ಗುಡಿಯ ಪೌಳಿಯಲ್ಲೂ ಇಂದಿಗೂ ನಿಂತಿವೆ. ದನಕ್ಕಾಗಿ ಪ್ರಾಣ ಕೊಡುವುದು ಧರ್ಮವಾಗಿದ್ದ ನಾಡಿದು. ದೀಪಾವಳಿಯ ಮರುದಿನಗಳಲ್ಲಿ ಕೊಬ್ಬರಿಯ ಸರ ಕಟ್ಟಿಸಿಕೊಂಡು ಜನಸಂದಣಿಯ ನಡುವೆ ಬಾಣದಂತೆ ಹಾಯುವ ಹೋರಿಗಳನ್ನು ಕಂಡವರಿಗೆ ಆ ಪ್ರೀತಿ ಇನ್ನೂ ಆರಿಲ್ಲವೆಂಬುದು ತಿಳಿಯುತ್ತದೆ.

ಬಂಡಿಯು ಪುರಾತನ ವಾಹನವೇನೋ ನಿಜ. ಆದರೂ ಈ ನಾಡಿನ ವ್ಯಾಪಾರವೆಲ್ಲ ಬಹುಕಾಲ ಬಂಡಿಯ ಮೇಲಲ್ಲ, ಹೇರೆತ್ತಿನ ಬೆನ್ನ ಮೇಲೆ ನಡೆಯಿತೆಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಶಾಸನಗಳಲ್ಲಿ ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ದೇಶದೇಶ ತಿರುಗುವ ವರ್ಣನೆ ಬರುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಸಂದರ್ಶಿಸಿದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಭಟ್ಕಳದ ಮಾರ್ಗದಲ್ಲಿ ಐದಾರು ಸಾವಿರ ಹೇರೆತ್ತುಗಳು ಸಾಗುವುದನ್ನೂ, ಇಪ್ಪತ್ತು ಮೂವತ್ತು ಎತ್ತುಗಳಿಗೆ ಒಬ್ಬೊಬ್ಬ ಕಾಯುವವನಿರುವುದನ್ನೂ ಬರೆದಿಟ್ಟಿದ್ದಾನೆ. ಅನಂತರದ ಶತಮಾನಗಳಲ್ಲಿ ಲಂಬಾಣಿಗಳ ಹೇರುಗಳು ಘಟ್ಟದ ಮೇಲಿನ ಧಾನ್ಯವನ್ನು ಕರಾವಳಿಗೂ, ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೂ ಸಾಗಿಸಿದವು. ಬತ್ತದ ಕೋಳುಗದ್ದೆಗಳಲ್ಲಿ ಕೊರಳಗಂಟೆಯ ನಾದವು ದೂರದಿಂದ ಕೇಳಿಬಂದಿತೆಂದರೆ ಮನೆಯ ಹೆಂಗಸರು ಉಪ್ಪಿನ ಮಡಕೆಯನ್ನು ತೊಳೆದಿಡುತ್ತಿದ್ದರೆಂದು ನಮ್ಮ ಮನೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದುದುಂಟು.

ಎತ್ತಿನ ನಡಿಗೆಯು ರಾಜ್ಯಗಳ ಭವಿಷ್ಯವನ್ನೂ ನಿರ್ಣಯಿಸುತ್ತಿದ್ದ ಕಾಲವದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಹೆಸರಾಗಿ, ಟೀಪುವಿನ ಕಾಲದಲ್ಲಿ ಅಮೃತಮಹಲೆಂದು ಕರೆಸಿಕೊಂಡ ದನಗಳ ಇಲಾಖೆಯು ತೋಪುಗಳನ್ನೆಳೆಯುವ ಎತ್ತುಗಳನ್ನು ಒದಗಿಸುತ್ತಿದ್ದಿತು. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ಸವಣೂರುಗಳ ಮಾರ್ಗವಾಗಿ ಈ ಸೀಮೆಯನ್ನೆಲ್ಲ ಸುತ್ತಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯು ಎತ್ತುಗಳ ಮಹತ್ತ್ವವನ್ನು ಈ ಮಣ್ಣಿನಲ್ಲಿಯೇ ಕಲಿತುಕೊಂಡನೆಂದು ಹೇಳಬಹುದು. ಮುಂದೆ ಸ್ಪೇನಿನ ಯುದ್ಧಭೂಮಿಯಲ್ಲಿ ಮೈಸೂರಿನ ಎತ್ತುಗಳು ತನ್ನೊಡನಿಲ್ಲವಲ್ಲಾ ಎಂದು ಆತನು ಹಲುಬಿದನೆಂದು ಪ್ರಸಿದ್ಧಿಯಿದೆ.

ಹೇರೆತ್ತಿನ ಯುಗವು ಮುಗಿದು ಚಕ್ಕಡಿಯ ಯುಗವು ಮೊದಲಾದುದು ಹತ್ತಿಯ ದೆಸೆಯಿಂದ. ಪೇಶ್ವೆಯರ ಪತನದ ತರುವಾಯ ಕಂಪನಿ ಸರಕಾರದ ವಶವಾದ ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದುದರಿಂದ, ಧಾರವಾಡದ ನೆಲದಲ್ಲಿ ಹುಟ್ಟಿದ ಬೆಳೆಗೆ ಪರದೇಶದ ಪೇಟೆಗಳಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತುಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಿ ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ದೊರೆಯದಾದಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಮರುವರ್ಷವೇ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ನೆಲವೂ ಹತ್ತಿ ಸಾಗುವ ಬಂದರೂ ಒಂದೇ ಸರಕಾರದ ಕೈಕೆಳಗೆ ಇರಬೇಕೆಂಬ ವರ್ತಕರ ಒತ್ತಾಯವು ಇದಕ್ಕೆ ಕಾರಣ. ಘಟ್ಟದ ದಾರಿಗಳು ಅಗಲವಾದವು, ಹಳ್ಳಗಳಿಗೆ ಸೇತುವೆಗಳಾದವು, ಎತ್ತಿನ ಬೆನ್ನ ಮೇಲಿದ್ದ ಭಾರವು ಗಾಲಿಯ ಮೇಲಕ್ಕೆ ಇಳಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದವರೆಗೆ ರೈಲುಮಾರ್ಗವು ಹಾಸಲ್ಪಟ್ಟು ಹಾವೇರಿ, ಬ್ಯಾಡಗಿಗಳಲ್ಲಿ ನಿಲ್ದಾಣಗಳಾದ ಮೇಲಂತೂ ಚಕ್ಕಡಿಗಳ ಮುಖವು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿತು. ರೈಲು ಬಂದುದರಿಂದ ಎತ್ತಿನ ಕೆಲಸವು ಕಡಿಮೆಯಾಯಿತೆಂದು ಎಣಿಸುವುದು ತಪ್ಪು. ನಿಲ್ದಾಣದವರೆಗಿನ ಒಂದೊಂದು ಹರದಾರಿಯೂ ಎತ್ತಿನ ಪಾಲಿಗೇ ಉಳಿದಿದ್ದಿತು. ಸಾಗುವ ಸರಕಿನ ಮೊತ್ತವೋ ಹಿಂದಿನದಕ್ಕಿಂತ ಹಲವು ಪಾಲು ಹೆಚ್ಚಿದ್ದಿತು.

ಆ ಚಕ್ಕಡಿಯನ್ನು ಮಾಡುವವರು ಊರಿನ ಬಡಿಗೇರರು. ಅದಕ್ಕೆ ಕಬ್ಬಿಣ ಕಟ್ಟುವವರು ಕಂಬಾರರು. ಇಬ್ಬರೂ ಆಯದವರು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳನ್ನು ಕೊಂಡೊಯ್ಯುವವರು. ಗಾಲಿಗೆ ಹಳಿ ಏರಿಸುವ ಕೆಲಸವನ್ನು ನಾನು ಹುಡುಗನಾಗಿದ್ದಾಗ ಒಂದು ಸಲ ಹತ್ತಿರದಿಂದ ನೋಡಿದ್ದೇನೆ. ಬಯಲಿನಲ್ಲಿ ಕುಳ್ಳುಗಳನ್ನು ಬಳೆಯಾಕಾರವಾಗಿ ಜೋಡಿಸಿ, ನಡುವೆ ಕಬ್ಬಿಣದ ಹಳಿಯನ್ನು ಹುದುಗಿಸಿ, ಮೇಲೆ ಮತ್ತೆ ಕುಳ್ಳು ಹೊದಿಸಿ ಬೆಂಕಿಯಿಟ್ಟಿದ್ದರು. ಹೊಗೆ ಕಡಿಮೆಯಾಗಿ ಹಳಿಯು ಕೆಂಡದ ಬಣ್ಣಕ್ಕೆ ತಿರುಗಿದೊಡನೆ ನಾಲ್ವರು ನಾಲ್ಕು ಇಕ್ಕಳಗಳಿಂದ ಅದನ್ನೆತ್ತಿ, ಮಾತಿಲ್ಲದೆ, ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಬಂದು, ನೆಲದ ಮೇಲೆ ಮಲಗಿಸಿದ್ದ ಮರದ ಗಾಲಿಯ ಸುತ್ತ ಇಳಿಸಿದರು. ಮರವು ಭಗ್ಗನೆ ಹೊತ್ತಿಕೊಂಡಿತು. ಸುತ್ತಲೂ ಕೊಡಗಳನ್ನು ಹಿಡಿದು ನಿಂತಿದ್ದ ಹುಡುಗರು ನೀರೆರಚಿದರು. ಉಗಿಯ ಮೋಡದೊಳಗಿಂದ ಕಟಕಟನೆ ಮರ ಬಿಗಿಯುವ ಸದ್ದು ಕೇಳಿಸಿತು. ಆರಿದ ಕಬ್ಬಿಣವು ಕುಗ್ಗಿ ಗುಂಬ, ಅರ, ಸುತ್ತಣ ಬಾಗುಮರಗಳನ್ನೆಲ್ಲ ಒಂದೇ ಅಂಗವೆಂಬಂತೆ ಅಪ್ಪಿಹಿಡಿದಿದ್ದಿತು. ಒಂದು ಮೊಳೆಯಿಲ್ಲ, ಒಂದು ಅಂಟಿಲ್ಲ. ಕಾದಾಗ ಹಿಗ್ಗುವ ಅಳತೆ ಎಷ್ಟೆಂಬುದನ್ನು ಕಂಬಾರನು ದಾರದಿಂದ ಅಳೆದು, ಬೆರಳಿನ ಲೆಕ್ಕದಲ್ಲಿ ಬಿಟ್ಟಿದ್ದನು.

ಇಂತಹ ಕೌಶಲವೆಲ್ಲ ಗಾಲಿಗೆ ವ್ಯಯವಾಯಿತು, ನೊಗಕ್ಕೆ ಆಗಲಿಲ್ಲ. ನೊಗವೆಂದರೆ ಒಂದು ನೀಳವಾದ ಮರದ ತುಂಡು. ಅದನ್ನು ಮೂಕಿಯ ತುದಿಗೆ ಮಿಣಿಯಿಂದ ಬಿಗಿದು, ಎರಡು ಎತ್ತುಗಳ ಹಿಣಿಲಿನ ಮುಂದೆ ಹೆಗಲ ಮೇಲಿಟ್ಟು, ಕೊರಳ ಕೆಳಗೆ ಜತ್ತಿಗೆಯನ್ನು ಕಟ್ಟಿದರೆ ಆಯಿತು. ಇದಕ್ಕಿಂತ ಸರಳವಾದ ಉಪಕರಣವನ್ನು ಕಾಣುವುದು ಕಷ್ಟ. ಆ ಸರಳತೆಯ ಬೆಲೆಯನ್ನು ತೆತ್ತುದು ಹೆಗಲು. ಹೇರು ಮುಂದಕ್ಕೆ ವಾಲಿದರೆ ಅದರ ತೂಕವು ಹೆಗಲನ್ನು ಅಮುಕುತ್ತದೆ. ಹಿಂದಕ್ಕೆ ವಾಲಿದರೆ ನೊಗವು ಮೇಲೆದ್ದು ಜತ್ತಿಗೆಯು ಕೊರಳನ್ನು ಬಿಗಿಯುತ್ತದೆ. ಇಳಿಜಾರಿನಲ್ಲಿ ತಡೆಯಿಲ್ಲದ ಬಂಡಿಯು ಎತ್ತುಗಳ ಮೇಲೆಯೇ ನುಗ್ಗಿ ಬರುವಾಗ ಅದನ್ನು ನಿಲ್ಲಿಸುವ ಸಾಧನವೂ ಅದೇ ಹೆಗಲೇ. ಉಜ್ಜಿ ಉಜ್ಜಿ ಚರ್ಮವು ಕೆಂಪಾಗಿ, ಬಾತು, ಹುಣ್ಣಾಗಿ, ಮಾದು, ಮತ್ತೆ ಒಡೆದು, ಕಡೆಗೆ ಅಲ್ಲಿ ಆನೆಯ ಚರ್ಮದಂತೆ ಗಡುಸಾದ ಗಂಟು ನಿಲ್ಲುತ್ತದೆ. ಆ ಗಂಟನ್ನು ನೋಡಿಯೇ ಸಂತೆಯಲ್ಲಿ ಎತ್ತು ದುಡಿದದ್ದೋ ದುಡಿಯದ್ದೋ ಎಂದು ಹೇಳುವರು.

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಹೇರಿಕೊಂಡು ರಾತ್ರಿಯಿಡೀ ನಡೆಯುವ ಚಕ್ಕಡಿಗಳ ಸಾಲಿನಲ್ಲಿ ಒಮ್ಮೆ ನಾನೂ ಕುಳಿತಿದ್ದೆನು. ಅಚ್ಚಿಗೆ ತೂಗಹಾಕಿದ ಕಂದೀಲು ಗಾಲಿಯ ನೆರಳನ್ನು ರಸ್ತೆಯ ಮರಗಳ ಮೇಲೆ ತಿರುಗಿಸುತ್ತಿದ್ದಿತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಕೀಲೆಣ್ಣೆಯ ವಾಸನೆಯೂ ಮೆಣಸಿನ ಘಾಟೂ ಬೆರೆತು ಮೂಗಿಗೆ ಅಡರುತ್ತಿದ್ದವು. ಚಕ್ಕಡಿ ಹೊಡೆಯುತ್ತಿದ್ದ ವೃದ್ಧನು ಪ್ರತಿಯೊಂದು ಹಳ್ಳದ ಬಳಿಯೂ ಕೆಳಗಿಳಿದು, ನೊಗವನ್ನು ತುಸುವೆತ್ತಿ, ಅದರಡಿಯಲ್ಲಿ ಅಂಗೈ ತೂರಿಸಿ ಹೆಗಲನ್ನು ಮುಟ್ಟಿ ನೋಡುತ್ತಿದ್ದನು. ಏಕೆಂದು ಕೇಳಿದೆ. “ಎತ್ತು ಕಾಲಿಂದ ಎಳಿತೈತಿ ಅಂತ ತಿಳ್ಕೋಬ್ಯಾಡ ತಮ್ಮಾ, ಹೆಗಲಿಂದ ಎಳಿತೈತಿ. ಹೆಗಲ ಬಿಸಿ ಆತಂದ್ರ ಹೇರು ಹಿಂದ ಸರಸಬೇಕು, ಬಾರಕೋಲು ಎತ್ತಬಾರದು” ಎಂದನು. ಇಳಿದು, ಮುಂದಿನ ಎರಡು ಚೀಲಗಳನ್ನು ಹಿಂದಕ್ಕೆ ಎಳೆದು ಇಟ್ಟನು. ಆ ಮಾತನ್ನು ಅಂದು ನಾನು ವೃದ್ಧನ ದಯೆಯೆಂದು ತಿಳಿದೆನೇ ಹೊರತು ಒಂದು ಶಾಸ್ತ್ರದ ಸೂತ್ರವೆಂದು ತಿಳಿಯಲಿಲ್ಲ.

ಶಾಸ್ತ್ರವು ಆ ಹೊತ್ತಿಗೆ ಬೇರೊಂದು ಭೂಖಂಡದಲ್ಲಿ ಬೇರೊಂದು ದಾರಿಯನ್ನು ಹಿಡಿದಿದ್ದಿತು. ವ್ಯವಸ್ಥಾಪನ ಶಾಸ್ತ್ರದ ಮೂಲಪುರುಷನೆನಿಸಿದ ಫ್ರೆಡರಿಕ್ ಟೇಲರನು ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸುಮಾರು 92 ಪೌಂಡಿನ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲುಬಂಡಿಗೆ ತುಂಬುವ ಕೂಲಿಗಳನ್ನು ಗಡಿಯಾರ ಹಿಡಿದು ಪರೀಕ್ಷಿಸಿ, ದಿನಕ್ಕೆ ಹನ್ನೆರಡೂವರೆ ಟನ್ನು ಹೊರುತ್ತಿದ್ದ ಮನುಷ್ಯನಿಂದ ನಲವತ್ತೇಳು ಟನ್ನಿಗೂ ಮೀರಿ ಹೊರಿಸಬಹುದೆಂದು ಸಾರಿದನು. ಕೂಲಿಯನ್ನು ಒಂದು ಡಾಲರು ಹದಿನೈದು ಸೆಂಟುಗಳಿಂದ ಒಂದು ಡಾಲರು ಎಂಬತ್ತೈದು ಸೆಂಟುಗಳಿಗೆ ಏರಿಸಿದನು. 1911ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಇಂತಹ ಕೆಲಸಕ್ಕೆ ತಕ್ಕ ಮನುಷ್ಯನು ಬುದ್ಧಿಯಲ್ಲಿ ಎತ್ತನ್ನು ಹೋಲುವಷ್ಟು ಮಂದನಾಗಿರಬೇಕೆಂದೂ ಬರೆದನು. ಈ ವಾಕ್ಯವು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ. ಮನುಷ್ಯನ ಪರವಾಗಿಯೂ ನೋಯಿಸುತ್ತದೆ, ಎತ್ತಿನ ಪರವಾಗಿಯೂ ನೋಯಿಸುತ್ತದೆ. ಆದರೆ ಅದೇ ಟೇಲರನು ಅದೇ ಪರೀಕ್ಷೆಯಲ್ಲಿ ಮತ್ತೊಂದನ್ನು ಕಂಡುಹಿಡಿದಿದ್ದನು. ಅಂತಹ ಭಾರದ ಕೆಲಸದಲ್ಲಿ ಮನುಷ್ಯನು ದಿನದ ನೂರರಲ್ಲಿ ನಲವತ್ತಮೂರು ಪಾಲಿನಷ್ಟು ಹೊತ್ತು ಮಾತ್ರ ಹೊರೆಯ ಕೆಳಗಿರಲು ಸಾಧ್ಯ. ಉಳಿದ ಐವತ್ತೇಳು ಪಾಲು ಹೊರೆಯಿಲ್ಲದೆ ಇರಬೇಕು. ಈ ವಿಶ್ರಾಂತಿಯನ್ನು ಕೊಡದಿದ್ದರೆ ಬಲಿಷ್ಠನೂ ಮಧ್ಯಾಹ್ನದೊಳಗೆ ಕುಸಿಯುವನು. ಜಗತ್ತಿನ ಕಾರ್ಖಾನೆಗಳು ಆತನ ಗಡಿಯಾರವನ್ನು ತಡಮಾಡದೆ ಸ್ವೀಕರಿಸಿದವು. ವಿಶ್ರಾಂತಿಯ ಲೆಕ್ಕವನ್ನು ಸ್ವೀಕರಿಸಲು ಬಹಳ ಹಿಂದುಮುಂದು ನೋಡಿದವು.

ವಿಶ್ರಾಂತಿಯ ವಿಷಯದಲ್ಲಿ ನಮ್ಮ ಸೀಮೆಯ ಒಕ್ಕಲಿಗರ ಆಚಾರವು ಹಳೆಯದು. ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲಿಗೆ ನೊಗವಿಡಬಾರದು. ಮಳೆ ಹದವಾಗಿ ಬಿದ್ದು ಬಿತ್ತನೆಗೆ ಅವಸರವಾಗಿದ್ದಾಗಲೂ, ಆಳುಗಳು ಬಂದು ನಿಂತಿದ್ದಾಗಲೂ, ಸೋಮವಾರದ ದಿನ ಎತ್ತು ಹೂಡಿದವನನ್ನು ಊರು ಒಳ್ಳೆಯ ಕಣ್ಣಿನಿಂದ ನೋಡುತ್ತಿರಲಿಲ್ಲ. ಮುಂಬಯಿಯ ಗಿರಣಿಯ ಕೆಲಸಗಾರರಿಗೆ ಭಾನುವಾರದ ರಜೆಯು ದೊರೆತುದು ನಾರಾಯಣ ಮೇಘಾಜಿ ಲೋಖಂಡೆಯವರ ಅನೇಕ ವರ್ಷಗಳ ಹೋರಾಟದ ಫಲವಾಗಿ, 1890ರಲ್ಲಿ. ಯಾವ ಅರ್ಜಿಯನ್ನೂ ಬರೆಯಲಾರದ ಎತ್ತಿಗೆ ಆ ರಜೆಯು ಧರ್ಮದ ಮಾರ್ಗವಾಗಿ ಬಂದಿದ್ದಿತು.

ಇನ್ನು ಬೆಂಗಳೂರಿನ ಕಥೆ. ಅಹಮದಾಬಾದು ಮತ್ತು ಕಲಕತ್ತೆಗಳ ತರುವಾಯ ದೇಶದ ಮೂರನೆಯದಾಗಿ, 1973ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಯು, ಅಂದರೆ ಜನರು ಐ.ಐ.ಎಂ. ಎಂದು ಕರೆಯುವ ವಿದ್ಯಾಲಯವು, ಸ್ಥಾಪಿತವಾಯಿತು. ಇಂದು ಬನ್ನೇರುಘಟ್ಟದ ರಸ್ತೆಯಲ್ಲಿ ಬಿ. ವಿ. ದೋಶಿಯವರು ರೂಪಿಸಿದ ಕಲ್ಲಿನ ಮೊಗಸಾಲೆಗಳಲ್ಲಿ ನಡೆಯುತ್ತಿರುವ ಆ ಸಂಸ್ಥೆಯು ಮೊದಲ ವರ್ಷಗಳಲ್ಲಿ ಲ್ಯಾಂಗ್‌ಫರ್ಡ್ ರಸ್ತೆಯ ಬಾಡಿಗೆಯ ಕಟ್ಟಡದಲ್ಲಿದ್ದಿತು. ಸಾರ್ವಜನಿಕ ಉದ್ಯಮಗಳಿಗೆ ಸಮರ್ಥರಾದ ಅಧಿಕಾರಿಗಳನ್ನು ತಯಾರಿಸಬೇಕೆಂಬುದು ಅದರ ಆರಂಭದ ಸಂಕಲ್ಪ. ಅದರ ಸ್ಥಾಪಕ ನಿರ್ದೇಶಕರಾದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು ಅದಕ್ಕೆ ಮುಂಚೆ ಮುಂಬಯಿಯಲ್ಲಿ ಔದ್ಯೋಗಿಕ ಇಂಜಿನಿಯರಿಂಗಿನ ರಾಷ್ಟ್ರೀಯ ಸಂಸ್ಥೆಯನ್ನು ನಡೆಸಿದ್ದವರು; ಎಂದರೆ ಟೇಲರನ ವಿದ್ಯೆಯಲ್ಲಿಯೇ ಪಳಗಿದವರು. ದೇಶದ ದೊಡ್ಡ ದೊಡ್ಡ ಕಾರ್ಖಾನೆಗಳು ತಮ್ಮ ಸಮಸ್ಯೆಗಳನ್ನು ತೆಗೆದುಕೊಂಡು ಬಾಗಿಲಿಗೆ ಬರುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಸಂಶೋಧನೆಗೆ ಆರಿಸಿಕೊಂಡ ವಿಷಯವನ್ನು ಕೇಳಿ ಹಲವರು ಬೆರಗಾಗಿರಬೇಕು. ಅದು ಎತ್ತಿನ ಬಂಡಿ.

ಅವರ ತರ್ಕವು ನೇರವಾಗಿದ್ದಿತು. ವ್ಯವಸ್ಥಾಪನೆಯೆಂದರೆ ಇರುವ ಸಂಪನ್ಮೂಲವನ್ನು ಸರಿಯಾಗಿ ಬಳಸುವುದಾದರೆ, ದೇಶದ ಅತ್ಯಂತ ದೊಡ್ಡ ಸಂಪನ್ಮೂಲಗಳಲ್ಲಿ ಒಂದಾದ ಪಶುಶಕ್ತಿಯನ್ನು ಯಾರೂ ಲೆಕ್ಕದಲ್ಲಿ ಹಿಡಿಯದಿರುವುದು ಹೇಗೆ ಸರಿ? 1979ರಲ್ಲಿ ಸಂಸ್ಥೆಯಿಂದ ಹೊರಬಂದ ಅವರ ಅಧ್ಯಯನವು ಪಶುಶಕ್ತಿಯ ನಿರ್ವಹಣೆಯನ್ನೂ ಬಂಡಿಯ ಸುಧಾರಣೆಯನ್ನೂ ಕುರಿತದ್ದು. ದೇಶದಲ್ಲಿ ದುಡಿಯುವ ಜಾನುವಾರುಗಳು ಸುಮಾರು ಎಂಟು ಕೋಟಿ, ಬಂಡಿಗಳು ಒಂದೂವರೆ ಕೋಟಿಯ ಆಸುಪಾಸು ಎಂದು ಅವರು ಎಣಿಸಿದರು. ಒಂದು ಜಾನುವಾರು ಅರ್ಧ ಅಶ್ವಶಕ್ತಿಯನ್ನು ಕೊಡುವುದೆಂದು ಹಿಡಿದರೂ ಒಟ್ಟು ನಾಲ್ಕು ಕೋಟಿ ಅಶ್ವಶಕ್ತಿಯಾಗುತ್ತದೆ. ಒಂದು ಅಶ್ವಶಕ್ತಿಗೆ 746 ವಾಟಿನಂತೆ ಗುಣಿಸಿದರೆ ಅದು ಮೂವತ್ತು ಸಾವಿರ ಮೆಗಾವಾಟಿನ ಹತ್ತಿರಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ದೇಶದ ವಿದ್ಯುದಾಗಾರಗಳೆಲ್ಲದರ ಸ್ಥಾಪಿತ ಸಾಮರ್ಥ್ಯವು ಹೆಚ್ಚುಕಡಿಮೆ ಅಷ್ಟೇ ಇದ್ದಿತು. ವಿದ್ಯುತ್ತಿಗೆ ಮಂತ್ರಿಗಳಿದ್ದರು, ಮಂಡಲಿಗಳಿದ್ದವು, ಪಂಚವಾರ್ಷಿಕ ಯೋಜನೆಗಳಲ್ಲಿ ಅಧ್ಯಾಯಗಳಿದ್ದವು. ಕೊಟ್ಟಿಗೆಯ ಮೂವತ್ತು ಸಾವಿರ ಮೆಗಾವಾಟಿಗೆ ಒಬ್ಬ ಗುಮಾಸ್ತನೂ ಇರಲಿಲ್ಲ. 1981ರ ಆಗಸ್ಟಿನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯು ಕೂಡಿಸಿದ ಶಕ್ತಿಮೂಲಗಳ ಸಮ್ಮೇಲನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಭಾರತದ ಪಶುಶಕ್ತಿಯು ವಿದ್ಯುದಾಗಾರಗಳ ಶಕ್ತಿಗಿಂತ ಹೆಚ್ಚೆಂದು ಜಗತ್ತಿನೆದುರಿಗೆ ಹೇಳಿದಾಗ, ಹಳ್ಳಿಯ ಕೊಟ್ಟಿಗೆಯು ಮೊದಲ ಬಾರಿಗೆ ರಾಷ್ಟ್ರಗಳ ಸಭೆಯಲ್ಲಿ ಸ್ಥಾನ ಪಡೆಯಿತೆನ್ನಬಹುದು.

ಅಂಕಿಗಳಿಗಿಂತಲೂ ನನಗೆ ಹೆಚ್ಚು ಪ್ರಿಯವಾದುದು ರಾಮಸ್ವಾಮಿಯವರ ದೃಷ್ಟಿಯು ಬಂದು ನಿಂತ ಸ್ಥಳ. ಗಾಲಿಯನ್ನೂ ರಸ್ತೆಯನ್ನೂ ಸರಕನ್ನೂ ಪರೀಕ್ಷಿಸಿ ಕಡೆಗೆ ಅವರು ಬಂದುದು ಹೆಗಲಿಗೆ. ಒರಟಾದ ಮರವು ಅಂಗೈಯಗಲದ ಚರ್ಮದ ಮೇಲೆ ಇಡೀ ಎಳೆತದ ಬಲವನ್ನು ಹೇರುತ್ತದೆ. ಗುಂಬದೊಳಗೆ ತಿಕ್ಕಾಡುವ ಅಚ್ಚು ಶಕ್ತಿಯನ್ನು ತಿನ್ನುತ್ತದೆ. ಕಿರಿದಾದ ಕಬ್ಬಿಣದ ಹಳಿಯು ರಸ್ತೆಯನ್ನು ಸೀಳಿ, ಸೀಳಿದ ರಸ್ತೆಯು ಮತ್ತೆ ಎತ್ತನ್ನೇ ದಣಿಸುತ್ತದೆ. ತಡೆಯಿಲ್ಲದ ಬಂಡಿಯು ಇಳಿಜಾರಿನಲ್ಲಿ ಕೊರಳನ್ನೇ ತಡೆಯಾಗಿ ಮಾಡಿಕೊಳ್ಳುತ್ತದೆ. ಎತ್ತು ಸೋಮಾರಿಯೆಂದು ಬಾರಕೋಲು ಬೀಸಿದವನು ಈ ನಾಲ್ಕು ದೋಷಗಳಲ್ಲಿ ಒಂದನ್ನೂ ನೋಡಿರಲಿಲ್ಲ. ನಿಧಾನವೆಂಬುದು ಎತ್ತಿನ ಗುಣವಲ್ಲ, ಉಪಕರಣದ ದೋಷವೆಂಬುದು ಅವರ ನಿರ್ಣಯದ ತಿರುಳು. ಅದೇ 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎಂ. ಆರ್. ರಾಘವನ್ ಮತ್ತು ಎಚ್. ಆರ್. ನಾಗೇಂದ್ರ ಎಂಬ ವಿದ್ವಾಂಸರು ಎರಡು ಗಾಲಿಯ ಬಂಡಿಯ ರಚನೆಯನ್ನು ಯಂತ್ರಶಾಸ್ತ್ರದ ರೀತಿಯಿಂದ ವಿಶ್ಲೇಷಿಸಿ ಪ್ರಕಟಿಸಿದರು. ಬ್ಯಾಡಗಿಯ ದಾರಿಯ ವೃದ್ಧನು ಅಂಗೈಯಿಂದ ಅಳೆಯುತ್ತಿದ್ದ ಭಾರವು ಹೀಗೆ ಗಣಿತದ ಪುಟವನ್ನು ಪ್ರವೇಶಿಸಿತು.

ಕಾನೂನು ಇದಕ್ಕೆ ಮುಂಚೆಯೇ ಒಂದು ಹೆಜ್ಜೆ ಇಟ್ಟಿದ್ದಿತು. 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದ ಮೇರೆಗೆ ಎಳೆಯುವ ಮತ್ತು ಹೊರುವ ಪಶುಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳನ್ನು ಓದಿದರೆ, ಸಣ್ಣ ಜಾತಿಯ ಎತ್ತಿನ ಎರಡು ಗಾಲಿಯ ಬಂಡಿಗೆ ಗಾಳಿಯ ಟೈರಿಲ್ಲದಿದ್ದರೆ 500 ಕಿಲೊಗ್ರಾಂ, ಟೈರಿದ್ದರೆ 750, ಬಾಲ್ ಬೇರಿಂಗ್ ಇದ್ದರೆ 1000 ಎಂದು ಮಿತಿಯಿಟ್ಟಿರುವುದು ಕಾಣುತ್ತದೆ. ಎತ್ತು ಅದೇ, ಮೇವು ಅದೇ, ದಾರಿ ಅದೇ. ಗಾಲಿ ಬದಲಾದುದರಿಂದ ಭಾರವು ಇಮ್ಮಡಿಯಾಗಬಹುದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು. ಉಷ್ಣತೆಯು 37 ಡಿಗ್ರಿಯನ್ನು ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು. ಈ ಒಂಬತ್ತು ಮತ್ತು ಐದು ಎಂಬ ಸಂಖ್ಯೆಗಳನ್ನು ಎಲ್ಲಿಯೋ ಕಂಡಿರುವೆನಲ್ಲಾ ಎಂದು ಹುಡುಕಿದಾಗ ಅವು 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಸಿಕ್ಕಿದವು: ವಯಸ್ಕ ಕೆಲಸಗಾರನಿಗೆ ದಿನಕ್ಕೆ ಒಂಬತ್ತು ಗಂಟೆ, ಐದು ಗಂಟೆಯ ದುಡಿಮೆಗೊಮ್ಮೆ ವಿರಾಮ. ಮನುಷ್ಯನಿಗೂ ಎತ್ತಿಗೂ ಒಂದೇ ಅಳತೆ. ಟೇಲರನ ಹೋಲಿಕೆಯಲ್ಲಿದ್ದ ತಿರಸ್ಕಾರವನ್ನು ತೆಗೆದುಹಾಕಿ ಆ ಎರಡನ್ನೂ ಮತ್ತೆ ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ಸಾಮ್ಯದಲ್ಲಿ ನನಗೆ ಅವಮಾನವು ತೋರುವುದಿಲ್ಲ, ಬಾಂಧವ್ಯವು ತೋರುತ್ತದೆ.

ಹೆಗಲಿನ ಪಾಠವು ಲೇಖನಿಯ ಕೆಲಸಕ್ಕೂ ಸಲ್ಲುತ್ತದೆಂಬುದನ್ನು ನಾನು ಅನುಭವದಿಂದ ಬಲ್ಲೆ. ಕೆಲವು ಕಾಲ ನಾನು ಲೆಕ್ಕ ಬರೆದ ಒಂದು ಕಚೇರಿಯಲ್ಲಿ ಒಂದೇ ರಸೀತಿಯನ್ನು ಮೂರು ಬೇರೆ ಬೇರೆ ವಹಿಗಳಿಗೆ ಏರಿಸಬೇಕಾಗಿದ್ದಿತು. ಆ ಮೂರು ವಹಿಗಳೂ ಮೂರು ಕೋಣೆಗಳಲ್ಲಿದ್ದವು. ತಿಂಗಳ ಕೊನೆಗೆ ಲೆಕ್ಕವು ತಡವಾಗುತ್ತಿದ್ದಿತು, ತಡವಾದಾಗಲೆಲ್ಲ ಗುಮಾಸ್ತರಿಗೆ ಮೆಮೊ ಬರುತ್ತಿದ್ದಿತು, ಮೆಮೊಗೆ ಉತ್ತರ ಬರೆಯುವುದರಲ್ಲಿ ಮತ್ತೊಂದು ದಿನವು ಹೋಗುತ್ತಿದ್ದಿತು. ಹೊಸದಾಗಿ ಬಂದ ಒಬ್ಬ ಮೇಲಧಿಕಾರಿಯು ಮೊದಲ ವಾರ ಯಾರನ್ನೂ ಏನನ್ನೂ ಕೇಳದೆ ನಮ್ಮ ಹಿಂದೆ ಕೋಣೆಯಿಂದ ಕೋಣೆಗೆ ನಡೆದು ನೋಡಿದನು. ಎರಡನೆಯ ವಾರ ಮೂರು ವಹಿಗಳನ್ನೂ ಒಂದು ಮೇಜಿನ ಮೇಲೆ ಇಡಿಸಿದನು. ಅಂದಿನಿಂದ ತಡವೆಂಬುದೇ ಇರಲಿಲ್ಲ. ನಮ್ಮಲ್ಲಿ ಯಾರೂ ಹಿಂದಿಗಿಂತ ಚುರುಕಾಗಿರಲಿಲ್ಲ. ಹೇರನ್ನು ಹಿಂದಕ್ಕೆ ಸರಿಸಿದ್ದನು, ಅಷ್ಟೆ.

ರಾಮಸ್ವಾಮಿಯವರು ನಿರ್ದೇಶಕಪದವಿಯನ್ನು ಬಿಟ್ಟ ಮೇಲೂ ಕಾರ್ಟ್‌ಮನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡು ಮನುಷ್ಯ, ಪಶು, ಪ್ರಕೃತಿಗಳ ಹಿತಕ್ಕಾಗಿ ಈ ಕೆಲಸವನ್ನೇ ಮುಂದುವರಿಸಿದರು. ಆದರೂ ಸುಧಾರಿತ ಬಂಡಿಯು ಅವರು ಬಯಸಿದಷ್ಟು ಹಳ್ಳಿಗಳನ್ನು ತಲುಪಲಿಲ್ಲ. ನಮ್ಮ ಕಡೆ ಬಂದುದು ಟೈರಿನ ಗಾಡಿ. ಡನ್ಲಪ್ ಗಾಡಿಯೆಂದೂ ಅದನ್ನು ಕರೆದರು. ಎತ್ತಿಗೆ ಅದು ನಿಜವಾದ ಉಪಕಾರವನ್ನೇ ಮಾಡಿತು: ಎಳೆತವು ಹಗುರವಾಯಿತು, ರಸ್ತೆಯು ಉಳಿಯಿತು. ಆದರೆ ಅದರ ಅಚ್ಚೂ ಗಾಲಿಯೂ ಪಟ್ಟಣದ ಅಂಗಡಿಯಿಂದ ಬರುತ್ತಿದ್ದವು. ಊರಿನ ಬಡಿಗೇರನಿಗೆ ಉಳಿದುದು ಮೇಲಿನ ಹಲಗೆ ಜೋಡಿಸುವ ಕೆಲಸ ಮಾತ್ರ. ಹಳಿ ಏರಿಸುವ ಕಂಬಾರನ ಬೆಂಕಿಯು ಆರಿತು. ಇಲ್ಲಿ ನನ್ನ ಮನಸ್ಸು ಇಬ್ಬಗೆಯಾಗುತ್ತದೆ. ಎತ್ತಿನ ಹೆಗಲಿನ ನೋವನ್ನು ಕಂಡ ಕಣ್ಣುಗಳಿಗೆ ಕಂಬಾರನ ಕೈಯ ವಿದ್ಯೆಯೂ ಕಾಣಿಸಿ, ಹೊಸ ಗಾಲಿಯನ್ನು ಅದೇ ಬೆಂಕಿಯ ಬಳಿ ತರುವ ಉಪಾಯವು ಹೊಳೆದಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು! ಕೆಲಸವನ್ನು ಹಗುರಮಾಡುವ ಎಷ್ಟೋ ಸುಧಾರಣೆಗಳು ಕೆಲಸಗಾರನನ್ನೇ ಹೊರಗೆ ಕಳುಹಿಸಿಬಿಡುತ್ತವೆ. ನೊಗವೋ ಹಾಗೆಯೇ ಉಳಿಯಿತು. ಟೈರಿನ ಗಾಡಿಗೂ ಹಳೆಯ ಮರದ ತುಂಡೇ ನೊಗ. ಹೆಗಲಿನ ಗಂಟು ಹೋಗಲಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ ಟ್ರ್ಯಾಕ್ಟರು ಬಂದು ಪ್ರಶ್ನೆಯನ್ನು ಬಿಡಿಸದೆಯೇ ಬದಿಗೆ ಸರಿಸಿತು.

ಕಳೆದ ಕಾರಹುಣ್ಣಿಮೆಗೆ ನಾನು ತಿಳವಳ್ಳಿಯ ಕಡೆಯ ಒಬ್ಬ ಬಂಧುಗಳ ಮನೆಗೆ ಹೋಗಿದ್ದೆನು. ಬೆಳಗಿನಲ್ಲಿಯೇ ಎತ್ತುಗಳನ್ನು ಕೆರೆಯಲ್ಲಿ ತೊಳೆದು ತಂದು, ಕೋಡುಗಳಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯುವುದಕ್ಕೆ ಸಿದ್ಧಪಡಿಸುತ್ತಿದ್ದರು. ಮನೆಯ ಹಿರಿಯರು ಒಂದು ಬಟ್ಟಲಿನಲ್ಲಿ ಅರಿಸಿನ ಬೆರೆಸಿದ ಹರಳೆಣ್ಣೆಯನ್ನಿಟ್ಟುಕೊಂಡು ಎತ್ತಿನ ಹೆಗಲಿಗೆ ತಿಕ್ಕುತ್ತಿದ್ದರು. ಎತ್ತು ಕಣ್ಣು ಅರೆಮುಚ್ಚಿ, ಕೊರಳನ್ನು ಅವರ ಕೈಗೆ ಒತ್ತಿ ನಿಂತಿದ್ದಿತು. ಕೊಟ್ಟಿಗೆಯ ಗೋಡೆಗೆ ಅವರ ತಂದೆಯ ಕಾಲದ ನೊಗವೊಂದು ಒರಗಿದ್ದಿತು. ಅದನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಎರಡು ಹೆಗಲುಗಳು ತಾಗುವ ಎರಡು ಕಡೆಗಳಲ್ಲಿ ಮರವು ಕನ್ನಡಿಯಂತೆ ನುಣುಪಾಗಿ ಸವೆದು ತಗ್ಗಾಗಿದ್ದಿತು. ಬಲಗಡೆಯ ತಗ್ಗು ಎಡಗಡೆಯದಕ್ಕಿಂತ ಒಂದು ಬೆರಳಿನಷ್ಟು ಆಳವಾಗಿದ್ದಿತು. ಇದೇಕೆ ಹೀಗೆ ಅಜ್ಜಾ ಎಂದು ಕೇಳಿದೆ. ಅವರು ತಿಕ್ಕುವುದನ್ನು ನಿಲ್ಲಿಸದೆ, ನಲವತ್ತು ವರ್ಷಗಳ ಹಿಂದೆ ಸತ್ತ ಎತ್ತಿನ ಹೆಸರನ್ನು ಹೇಳಿ, “ಅಂವಾ ಬಲಕ ಇರತಿದ್ದ. ತನ್ನ ಪಾಲಿಗಿಂತ ಜಾಸ್ತಿ ಎಳೀತಿದ್ದ” ಎಂದರು.